ಎಷ್ಟು ಮುದ್ದೆ ದೂರ?

ಮೊನ್ನೆ ಗೆಳೆಯನೊಬ್ಬ ಕೇಳಿದ, "ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಎಷ್ಟು ದೂರ ಮಾರಾಯ?" ಸುಮಾರು 14,000 ಕಿ.ಮೀ. ಅಂದೆ. ಹೇಳಿದ ಮೇಲೆ ನಮ್ಮಜ್ಜಿ ನೆನಪಾದಳು.

ನಮ್ಮೂರು ಕೊತ್ತತ್ತಿ. ಮಂಡ್ಯ ತಾಲ್ಲೂಕಿನ ಒಂದು ಹೋಬಳಿ. ಕಬ್ಬು, ಭತ್ತ, ನಾಲೆ ನೀರಿನ ಊರು. ಅಜ್ಜಿಗೆ ಕಿಲೋಮೀಟರು ಗೊತ್ತಿರಲಿಲ್ಲ. ಮಂಡ್ಯ ಅಂದರೆ ಒಂದು ಸಲ ಎಲೆಅಡಿಕೆ ಹಾಕ್ಕೊಳ್ಳೋ ದೂರ, ಮೈಸೂರು ಅಂದರೆ ಒಂದು ಮುದ್ದೆ ದೂರ. ನಾನು ಮೊದಲ ಸಲ ಹೊರಟಾಗ, "ಅಲ್ಗೆ ಎಷ್ಟ್ ಮುದ್ದೆ ದೂರ್ವೋ ಮಗ?" ಅಂತ ಕೇಳಿದ್ದಳು. ಮೂರು ಅಂದೆ. "ಅಷ್ಟೇನಾ!" ಅಂದಳು.

ಭೂಪಟದಲ್ಲಿ ಗೆರೆ ಎಳೆದರೆ ದಾರಿ ಸಮುದ್ರದ ಮೇಲೆ ಹೋಗುತ್ತೆ ಅನ್ನಿಸುತ್ತೆ. ಒಂದು ಕುಂಬಳಕಾಯಿ ತಗೊಂಡು ಎರಡು ಊರಿಗೂ ದಾರ ಬಿಗಿದು ನೋಡಿ, ಅದು ತೊಟ್ಟಿನ ಹತ್ತಿರಾನೇ ಹಾದುಹೋಗುತ್ತೆ. ತೊಟ್ಟು ಅಂದರೆ ಉತ್ತರ ಧ್ರುವ! 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಹಾಗೇ ಧ್ರುವದ ದಾರೀಲಿ ಬಂದು 11ರ ನಸುಕಿಗೆ ಬೆಂಗಳೂರಲ್ಲಿ ಇಳೀತು. ನಡೆಸಿದವರೆಲ್ಲ ಹೆಣ್ಣುಮಕ್ಕಳು, ಹಾರಿದ್ದು ಸುಮಾರು ಹದಿನೇಳು ಗಂಟೆ. ಶನಿವಾರ ಹೊರಟು ಸೋಮವಾರ ಇಳಿದರೆ ನಡುವಿನ ಭಾನುವಾರ ಎಲ್ಲೋಯ್ತು ಅಂತ ಅಜ್ಜಿ ಇದ್ದಿದ್ದರೆ ಖಂಡಿತ ಕೇಳೋಳು.

ಆದರೆ ಅಜ್ಜಿ 2007ರಲ್ಲೇ ಹೋದಳು. ನನಗೆ ಫೋನು ಬಂದಾಗ ಅಲ್ಲಿ ಸಂಜೆ, ಊರಲ್ಲಿ ಬೆಳಗ್ಗೆ. ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಎಷ್ಟೊತ್ತಾಯ್ತದಪ್ಪ? ಕಾಯ್ಲಾ?"

ಲೆಕ್ಕ ಹಾಕಿದೆ. ಫ್ರಾಂಕ್‌ಫರ್ಟಿಗೆ ಹನ್ನೊಂದು ಗಂಟೆ, ಅಲ್ಲಿಂದ ಬೆಂಗಳೂರಿಗೆ ಒಂಬತ್ತು. ಇಪ್ಪತ್ತು ಗಂಟೆ ಅಂತ ಬಾಯಿಗೆ ಬಂದೇಬಿಟ್ಟಿತ್ತು. ಆದರೆ ಅವತ್ತಿನ ವಿಮಾನ ಹೋಗಿಯಾಗಿತ್ತು. ಮಾರನೇ ದಿನ ಮಧ್ಯಾಹ್ನ ಹೊರಡಬೇಕು, ನಡುವೆ ಕಾಯಬೇಕು, ಎಚ್‌ಎಎಲ್ ನಿಲ್ದಾಣದಲ್ಲಿ ಇಳಿದು ಸಾಲಲ್ಲಿ ನಿಲ್ಲಬೇಕು, ಆಮೇಲೆ ಮದ್ದೂರು ದಾಟಿ ಊರಿಗೆ. ಹೇಗೆ ಕೂಡಿದರೂ ಎರಡು ದಿನ. (ಆಗ ದೇವನಹಳ್ಳಿ ನಿಲ್ದಾಣ ಇರಲಿಲ್ಲ, 2023ರ ದಶಪಥವಂತೂ ಕನಸಲ್ಲೂ ಇರಲಿಲ್ಲ.)

"ಬ್ಯಾಡ ಚಿಕ್ಕಪ್ಪ, ಮಾಡ್ಬುಡಿ" ಅಂದೆ. ಹಾಗನ್ನೋಕೆ ಅರ್ಧ ನಿಮಿಷ ಸಾಕಾಯ್ತು ಅನ್ನೋದು ಈಗಲೂ ಚುಚ್ಚುತ್ತೆ.

ಮೂರನೇ ದಿನ ಹಾಲುತುಪ್ಪದ ಹೊತ್ತಿಗೆ ಊರು ಸೇರಿದೆ. ಕೈಲಿದ್ದ ಬ್ಯಾಗನ್ನೂ ಇಳಿಸದೆ ನೇರ ಹೊಲಕ್ಕೇ ಹೋದೆ. ಹಸಿ ಮಣ್ಣು, ಬಾಡಿದ ಸೇವಂತಿಗೆ. ಎಡೆಗೆ ಅಂತ ಯಾರೋ ಒಂದು ಮುದ್ದೆನೂ ಇಟ್ಟಿದ್ದರು.

ವಾಪಸು ಬರುವಾಗ ಬದುವಿನ ಮೇಲೆ ಚಿಕ್ಕಪ್ಪ ಮೆಲ್ಲಗೆ ಅಂದ: "ನೀನು ಬ್ಯಾಡ ಅಂದಿದ್ದೆ ಸರಿ. ಆದ್ರೂವೆ ದೀಪ ಹಚ್ಚೋ ಗಂಟ ಕಾದ್ವಿ ಕಣಪ್ಪ. ನಿಮ್ಮಜ್ಜಿ ಮೂರು ಮುದ್ದೆ ದೂರ ಅಷ್ಟೇಯ ಅಂತ ಊರಿಗೆಲ್ಲ ಹೇಳಿತ್ತು."