ಹಿತ್ತಲಲ್ಲಿದ್ದ ಆಕ್ಸಲ್ಲು

ಚೌಕಾಸಿಯ ವಿಷಯದಲ್ಲಿ ನಾನು ಸುಲಭದ ಹೆಂಗಸಲ್ಲ. ತರಕಾರಿ ಗಾಡಿಯವನು ನಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ಬದನೆಕಾಯಿಗೆ ಎರಡು ರೂಪಾಯಿ ಏರಿಸಿ ಕೂಗುತ್ತಾನೆ. ಹೇಗೂ ಇಳಿಸಬೇಕಾಗುತ್ತದೆಂದು ಅವನಿಗೆ ಗೊತ್ತು. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳಿಂದ ಮೂರು ಸೀರೆಗೆ ಒಂದು ಡಬರಿಯನ್ನಷ್ಟೇ ಅಲ್ಲ, ಅದರ ಮುಚ್ಚಳವನ್ನೂ ಗಿಟ್ಟಿಸಿದವಳು ನಾನು. ಇಂಥ ನನಗೂ ಒಮ್ಮೆ ಬೆಲೆ ಕಟ್ಟಲು ಬಾರದೆ ಬಾಯಿ ಕಟ್ಟಿಹೋಯಿತು. ಆ ವಸ್ತು ಸೀರೆಯಲ್ಲ, ಪಾತ್ರೆಯಲ್ಲ. ಲಾರಿಯ ಹಿಂದಿನ ಆಕ್ಸಲ್ಲು.

2012ರ ಮಾತು. ನಮ್ಮವರು ತೀರಿಕೊಂಡು ಎಂಟು ತಿಂಗಳಾಗಿತ್ತು. ದಾವಣಗೆರೆಯಲ್ಲಿ ನಮ್ಮದು ಒಂದೇ ಲಾರಿಯ ಸಂಸಾರ. ಮಾಲೀಕರೂ ಅವರೇ, ಡ್ರೈವರೂ ಅವರೇ. ಓಡುವ ಲಾರಿಯನ್ನು ಮಾರಿ ಸಾಲ ತೀರಿಸಿದ್ದಾಗಿತ್ತು. ಉಳಿದದ್ದು ಅದಕ್ಕೂ ಹಿಂದಿನ, 2010ರಲ್ಲಿ ಒಡೆಸಿ ಹಾಕಿದ ಹಳೆ ಲಾರಿಯ ಆಕ್ಸಲ್ಲು. "ಇರಲಿ ಬಿಡು, ಬೇಕಾಗುತ್ತೆ" ಎಂದು ಹಿತ್ತಲ ಪೇರಲಮರದ ಕೆಳಗೆ ದಿಮ್ಮಿಗಳ ಮೇಲೆ ಇರಿಸಿ ತಾಡಪಾಲು ಹೊದಿಸಿದ್ದರು. ಬಿಸಿಲುಗಾಲದಲ್ಲಿ ನಾನು ಅದರ ಮೇಲೆ ಹಳೆ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದೆ. ನನ್ನ ಪಾಲಿಗೆ ಅದರ ಉಪಯೋಗ ಅಷ್ಟೇ.

ಆ ವರ್ಷ ಮಗಳ ಇಂಜಿನಿಯರಿಂಗ್ ಎರಡನೆಯ ವರ್ಷದ ಫೀಸು 42,000 ರೂಪಾಯಿ ಕಟ್ಟಬೇಕಿತ್ತು. ಗುಜರಿಯವನನ್ನು ಕರೆಸಿದೆ. ಅವನು ಬಂದವನೇ ಆಕ್ಸಲ್ಲನ್ನು ಕಾಲಿನಿಂದ ಒದ್ದು ನೋಡಿದ. "ಇದು ತೂಕದ ಮಾಲು ಕಣಮ್ಮಾ. ಹೋದ ವರ್ಷ ಬಳ್ಳಾರಿ ಗಣಿ ನಿಂತ ಮೇಲೆ ಹೊಸಪೇಟೆ, ಸಂಡೂರು ಕಡೆ ಲಾರಿಗಳೇ ಸಾಲಾಗಿ ನಿಂತಿದಾವೆ. ಆಕ್ಸಲ್ ಯಾರಿಗೆ ಬೇಕು? 12,000 ಕೊಡ್ತೀನಿ, ಹೊರೋ ಕೂಲಿ ನಂದೇ" ಎಂದ. ಅವನು ಹೇಳಿದ್ದು ಸುಳ್ಳಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅದಿರನ್ನೇ ನಂಬಿದ್ದ ಎಷ್ಟೋ ಲಾರಿಗಳು ಕಂತು ಕಟ್ಟಲಾಗದೆ ನಿಂತುಬಿಟ್ಟಿದ್ದವು. ಆದರೂ ಅವನು ಒದ್ದದ್ದು ನನಗೆ ಸರಿಬರಲಿಲ್ಲ. "ನಾಳೆ ಹೇಳ್ತೀನಪ್ಪಾ" ಎಂದು ಕಳಿಸಿದೆ.

ನಮ್ಮವರ ಲಾರಿಗಳಿಗೆ ಕೈಹಾಕುತ್ತಿದ್ದ ಹಳೆಯ ಮೇಸ್ತ್ರಿಗೆ ಹೇಳಿಕಳಿಸಿದೆ. ಸಂಜೆ ಸ್ಪ್ಯಾನರುಗಳ ಚೀಲ ಹಿಡಿದು ಬಂದರು.

"ಅಕ್ಕಾರೆ, ಮೊದಲು ಕೆಳಗಿನ ರೇಟು ತಿಳ್ಕೊಳ್ಳಿ. ಇದು 550 ಕಿಲೊ ತೂಗ್ತದೆ. ಕಿಲೊಗೆ 22ರಂತೆ 12,100. ಅದಕ್ಕಿಂತ ಕಮ್ಮಿ ಯಾರೂ ಕೇಳಬಾರದು. ಮೇಲಿನ ರೇಟು ಅಂದ್ರೆ, ಗ್ಯಾರಂಟಿ ಇರೋ ಹಳೆ ಆಕ್ಸಲ್ಲಿಗೆ ಅಂಗಡಿಯವರು 45,000 ಕೇಳ್ತಾರೆ. ಇವೆರಡರ ನಡುವೆ ಎಲ್ಲಿ ನಿಲ್ತದೆ ಅನ್ನೋದನ್ನ ಬಿಚ್ಚಿ ನೋಡಿ ಹೇಳಬೇಕು."

ಬಿಚ್ಚಿದರು. ಕೆಳಗಿನ ಬೋಲ್ಟು ಸಡಿಲಿಸಿ ಎಣ್ಣೆಯನ್ನು ನನ್ನದೇ ಹಳೆ ಬೋಗುಣಿಗೆ ಬಸಿದರು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಬೆಳ್ಳಿಪುಡಿ ಕಲಸಿದಂತೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ ಎಂದರ್ಥ. ನಮ್ಮದು ಕಪ್ಪಗಿತ್ತು, ಆದರೆ ಬೆರಳಿಗೆ ನುಣುಪಾಗಿತ್ತು. ಆಮೇಲೆ ಒಳಗಿನ ಹಲ್ಲು ತೋರಿಸಿದರು. ಪಿನಿಯನ್ನಿಗೆ 6 ಹಲ್ಲು, ಕ್ರೌನ್ ಚಕ್ರಕ್ಕೆ 41. ಹಿಂದಿನ ಗಾಲಿ ಒಂದು ಸುತ್ತು ಬರಬೇಕಾದರೆ ಶಾಫ್ಟು ಏಳಕ್ಕೆ ಚೂರು ಕಡಿಮೆ ಸುತ್ತಬೇಕಂತೆ. ಘಾಟಿ ಹತ್ತುವ ಗಾಡಿಗೆ ಇದು ಒಳ್ಳೆಯದು. ಬಯಲಲ್ಲಿ ಜೋರಾಗಿ ಓಡಿಸುವವರಿಗೆ 7 ಹಲ್ಲಿಗೆ 37ರ ಜೋಡಿ ಬೇಕು. ಕೊಳ್ಳುವವನ ಗಾಡಿಗೆ ಹೊಂದದಿದ್ದರೆ ಎಷ್ಟು ಚೆನ್ನಾಗಿದ್ದರೂ ಅವನಿಗೆ ಅದು ಗುಜರಿಯೇ. ಇದು ನನಗೆ ಥಟ್ಟನೆ ಅರ್ಥವಾಯಿತು. ಅಳತೆ ತಪ್ಪಿದ ರವಿಕೆ ರೇಷ್ಮೆಯದಾದರೇನು, ಹತ್ತಿಯದಾದರೇನು?

ಪಕ್ಕದ ಶಾಫ್ಟುಗಳನ್ನೂ ಎಳೆದು ನೋಡಿದರು. ತುದಿಯ ಗೀರುಗಳು ನೇರವಾಗಿದ್ದವು. ತಿರುಚಿಕೊಂಡಿದ್ದರೆ ಭಾರಕ್ಕೆ ನಲುಗಿದೆ ಎಂದು ತಿಳಿಯಬೇಕಂತೆ. ಒಂದು ಬ್ರೇಕ್ ಡ್ರಮ್ಮು ಮಾತ್ರ ಒಳಗೆ ಸವೆದು ಅಂಚು ಎದ್ದಿತ್ತು. "ಡ್ರಮ್ಮಿಗೆ 3,000, ಬೇರಿಂಗು, ಸೀಲಿಗೆ 4,000 ಕಳೀರಿ. 38,000 ನ್ಯಾಯವಾದ ರೇಟು" ಎಂದರು.

ಆ ರಾತ್ರಿ ಲಾರಿಯ ಲೆಕ್ಕದ ಪುಸ್ತಕ ತೆಗೆದೆ. ನಮ್ಮವರು ಟ್ರಿಪ್ಪು ಮುಗಿಸಿ ಬಂದು ಊಟ ಮಾಡುತ್ತ ಖರ್ಚು ಹೇಳುವುದು, ನಾನು ಬರೆಯುವುದು, ಹೀಗೆ ವರ್ಷಗಟ್ಟಲೆ ಬರೆದ ಪುಸ್ತಕ. 2009ರ ಪುಟದಲ್ಲಿ ಹೊಸ ಕ್ರೌನ್, ಪಿನಿಯನ್ ಜೋಡಿ ಹಾಕಿಸಿದ ಲೆಕ್ಕವಿತ್ತು, ಬಿಲ್ಲೂ ಅಂಟಿಸಿತ್ತು. ಮೇಸ್ತ್ರಿಗೆ ಹಲ್ಲು ಹೊಸದಾಗಿ ಕಂಡದ್ದು ಅದಕ್ಕೇ. ಖುಷಿಯಿಂದ ಹಿಂದಿನ ಪುಟಗಳನ್ನು ತಿರುವಿದೆ. 2006ರಲ್ಲಿ ನನ್ನದೇ ಅಕ್ಷರ: "ಹೌಸಿಂಗ್ ಬಿರುಕು, ಎಡಗಡೆ, ವೆಲ್ಡಿಂಗ್, 1,800."

ನೆನಪಾಯಿತು. ಅದಿರಿನ ಸುಗ್ಗಿಯ ಕಾಲ ಅದು. ಮೆಕ್ಕೆಜೋಳ ಹೇರುತ್ತಿದ್ದ ನಮ್ಮವರು ಬಾಡಿಗೆಯ ಆಸೆಗೆ ಐದು ತಿಂಗಳು ಹೊಸಪೇಟೆಯಿಂದ ಮಂಗಳೂರಿಗೆ ಅದಿರು ಹೊಡೆದಿದ್ದರು. ಹಿಂದಿನ ಆಕ್ಸಲ್ಲಿನ ಮೇಲೆ 10.2 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂದು ಆಗ ಕಾನೂನು. ಲಾರಿಗೆ ತುಂಬಿಸುತ್ತಿದ್ದದ್ದೋ 16 ಟನ್ ಅದಿರು. ಶಿರಾಡಿ ಘಾಟಿಯಲ್ಲಿ ಸಪ್ಪಳ ಬಂದು, ಇಳಿದು ನೋಡಿದರೆ ಬಿರುಕು. ಆ ರಾತ್ರಿ ಅವರು ಘಾಟಿಯಲ್ಲಿ ಮಳೆಯಲ್ಲಿ ಕೂತಿದ್ದರು. ನಾನಿಲ್ಲಿ ಫೋನಿನ ಪಕ್ಕ ಕೂತಿದ್ದೆ. ಅದೇ ಅವರ ಕೊನೆಯ ಅದಿರಿನ ಟ್ರಿಪ್ಪು.

ಬೆಳಿಗ್ಗೆ ಮೇಸ್ತ್ರಿಗೆ ಹೇಳಿದೆ. ಅವರು ಹೋಗಿ ನೋಡಿದರು. ಗ್ರೀಸು, ಮಣ್ಣು, ಬಣ್ಣ ಎಲ್ಲ ಕೂತು ಬೆಸುಗೆ ಕಾಣುತ್ತಲೇ ಇರಲಿಲ್ಲ. "ಕೆರೆದರೆ ಮಾತ್ರ ಕಾಣ್ತದೆ. ನನ್ನ ಕಣ್ಣಿಗೇ ಬೀಳಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಾಲು ನಿಮ್ಮದು ಅಕ್ಕಾರೆ, ಮಾತೂ ನಿಮ್ಮದು" ಎಂದರು.

ಮೇಸ್ತ್ರಿಯೇ ಒಬ್ಬ ಗಿರಾಕಿಯನ್ನು ಕರೆತಂದರು. ಹರಿಹರದ ಕಡೆಯ ಹುಡುಗ, ಮೂವತ್ತು ದಾಟಿರಲಿಲ್ಲ. ಲಾರಿ ನಿಂತು ಒಂಬತ್ತು ದಿನವಾಗಿತ್ತಂತೆ. ಜೊತೆಗೆ ಹೆಂಡತಿಯೂ ಬಂದಿದ್ದಳು. ಅವಳಿಗೆ ನೀರು ಕೊಡುವಾಗ ಕೈ ನೋಡಿದೆ. ಬರೀ ಗಾಜಿನ ಬಳೆ. ಚಿನ್ನದ ಬಳೆ ಇದ್ದ ಕಡೆ ಚರ್ಮ ಇನ್ನೂ ಬೆಳ್ಳಗಿತ್ತು. ನನ್ನ ಕೈಯೂ ಎಷ್ಟೋ ಸಲ ಹಾಗೆ ಆಗಿದ್ದುಂಟು. ಲಾರಿಯವರ ಹೆಂಡಂದಿರ ಬಳೆ ಕೈಯಲ್ಲಿರುವುದಕ್ಕಿಂತ ಬ್ಯಾಂಕಿನಲ್ಲಿರುವುದೇ ಹೆಚ್ಚು.

ಹುಡುಗ ಹಲ್ಲು ನೋಡಿದ, ಎಣಿಸಿದ, ಬಿಲ್ಲು ನೋಡಿದ. "ಅಮ್ಮಾ, 45,000 ಕೊಡ್ತೀನಿ. ಇವತ್ತೇ ಎತ್ತಿಸ್ತೀನಿ" ಅಂದುಬಿಟ್ಟ. ಫೀಸು ಕಟ್ಟಿ ಇನ್ನೂ 3,000 ಉಳಿಯುತ್ತಿತ್ತು. ನಾಲಿಗೆಯ ತುದಿಯವರೆಗೆ "ಹೂಂ" ಬಂದಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

"ಯಾವ ಕಡೆ ಹೊಡೀತೀಯಪ್ಪಾ ಗಾಡಿ?" ಎಂದು ಕೇಳಿದೆ.

"ಮಂಗಳೂರಿಗಮ್ಮಾ. ಶಿರಾಡಿ ಮೇಲೆ."

ಹೆಂಡತಿ ಹಪ್ಪಳದ ಸೀರೆಯನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದಳು. ಮಳೆಗಾಲದ ರಾತ್ರಿ ಫೋನಿನ ಪಕ್ಕ ಕೂರುವವಳು ಇವಳೇ ಎನಿಸಿತು. ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದು 2006ರ ಪುಟ ತೋರಿಸಿದೆ.

ಮೇಸ್ತ್ರಿ ತಂತಿಬ್ರಶ್ಶಿನಿಂದ ಉಜ್ಜಿದರು. ಗೇಣುದ್ದದ ಬೆಸುಗೆ ಹಳೆಯ ಗಾಯದಂತೆ ಎದ್ದು ಕಂಡಿತು. ಹುಡುಗನ ಮುಖ ಇಳಿಯಿತು. ಕೊಳ್ಳುವುದೇ ಬೇಡ ಎನ್ನುತ್ತಾನೇನೋ ಎಂದುಕೊಂಡೆ. ಮೇಸ್ತ್ರಿಯೇ ನಡುವೆ ಬಂದರು. "ಇದರ ಮೇಲೆ ಆಮೇಲೆ ನಾಲ್ಕು ವರ್ಷ ಮೆಕ್ಕೆಜೋಳ ಹೊಡೆದಾರೆ, ಬಿಟ್ಟಿಲ್ಲ. ಮೇಲೊಂದು ಪ್ಲೇಟು ಕೊಟ್ಟು ಗಟ್ಟಿ ಮಾಡಿಸೋಣ. ಅದರ ಖರ್ಚು, ಅನುಮಾನದ ಬೆಲೆ, ಎರಡೂ ಸೇರಿ ನನ್ನ ರೇಟಲ್ಲಿ 8,000 ಕಳೀರಿ. ಮಿತಿ ಮೀರಿ ಹೇರಬ್ಯಾಡ, ತಿಂಗಳಿಗೊಮ್ಮೆ ಉಜ್ಜಿ ನೋಡ್ತಿರು."

30,000ಕ್ಕೆ ಮುಗಿಯಿತು. ಎಂಜಿನ್ನು, ಚಾಸಿಗಳ ನಂಬರು ಆರ್.ಸಿ. ಪುಸ್ತಕದಲ್ಲಿರುತ್ತದೆ, ಆಕ್ಸಲ್ಲಿಗೆ ಆ ಭಾಗ್ಯವಿಲ್ಲ. ನಾಳೆ ಕದ್ದ ಮಾಲೆಂದು ಯಾರೂ ಅನ್ನಬಾರದಲ್ಲ! ಹಳೆ ಲಾರಿಯ ನಂಬರು ಹಾಕಿ, ಬೆಸುಗೆಯ ಸಂಗತಿಯನ್ನೂ ಸೇರಿಸಿ ರಸೀದಿ ಬರೆದುಕೊಟ್ಟೆ. ಲಾರಿ ಒಡೆಸಿದಾಗ ಆರ್.ಟಿ.ಓ. ಕಚೇರಿಗೆ ತಿಳಿಸಿದ ಕಾಗದದ ನಕಲನ್ನೂ ಲಗತ್ತಿಸಿದೆ.

ಫೀಸಿಗೆ 12,000 ಕಡಿಮೆ ಬಿತ್ತು. ತಮಾಷೆ ನೋಡಿ, ಗುಜರಿಯವನು ಇಡೀ ಆಕ್ಸಲ್ಲಿಗೆ ಕೇಳಿದ ಮೊತ್ತವೂ ಅಷ್ಟೇ. ಬೀದಿಯ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಹಾಯಾಗಿ ನಿದ್ದೆ ಬಂತು ಎಂದು ಬರೆಯಬಹುದು. ನಿಜ ಹೇಳುತ್ತೇನೆ, ಚೀಟಿಯ ಕಂತು ಕಟ್ಟುವ ಪ್ರತಿ ತಿಂಗಳೂ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಆದರೆ ಮಳೆ ಜೋರಾಗಿ ಹೊಡೆದ ರಾತ್ರಿಗಳಲ್ಲಿ ಆ ಸಂಕಟ ಇರುತ್ತಿರಲಿಲ್ಲ.

ಆಕ್ಸಲ್ಲು ಇದ್ದ ಜಾಗದಲ್ಲಿ ಮಲ್ಲಿಗೆ ಬಳ್ಳಿ ನೆಟ್ಟೆ. ಎಣ್ಣೆ ಕುಡಿದ ನೆಲ, ಎರಡು ಸಲವೂ ಒಣಗಿತು. ಈಗ ಅಲ್ಲಿ ಒಗೆಯುವ ಕಲ್ಲು ಹಾಕಿಸಿದ್ದೇನೆ. ಅದನ್ನು ಕೊಳ್ಳುವಾಗ ಮೊದಲು ತಿರುವಿ ಹಾಕಿಸಿ, ಕೆಳಗೆ ಬಿರುಕಿದೆಯೇ ಎಂದು ನೋಡಿದೆ. ಕಲ್ಲಿನವನು ಗಾಬರಿಯಾಗಿ, ನಾನು ಕೇಳುವ ಮೊದಲೇ ಐವತ್ತು ರೂಪಾಯಿ ಇಳಿಸಿದ.