ಮನೆಮಾತಿನಲ್ಲಿ ಮನಸ್ಸಿನ ಮಾತು

ತಿರುವನಂತಪುರದ ಉಳ್ಳೂರಿನಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರ ಮಕ್ಕಳಿಗೆ ಶಾಲೆ, ಆಟ, ಗೆಳೆತನವೆಲ್ಲ ಮಲಯಾಳದಲ್ಲಿ. ಮನೆಯೊಳಗೆ ಮಾತ್ರ ಕನ್ನಡ. ಆ ಕನ್ನಡದಲ್ಲಿ ನಾವು ಅವರೊಡನೆ ಆಡುವ ಮಾತಾದರೂ ಎಷ್ಟು? ಊಟ ಮಾಡು, ಓದಿಕೋ, ಮಾರ್ಕ್ಸ್ ಎಷ್ಟು ಬಂತು? ಮಗುವಿನ ಭಯಕ್ಕೂ ಬೇಸರಕ್ಕೂ ಮನೆಮಾತಿನಲ್ಲಿ ಜಾಗವಿಲ್ಲದಿದ್ದರೆ ಅವು ಹೊರಗಿನ ಕಿವಿಗಳನ್ನು ಹುಡುಕಿಕೊಂಡು ಹೋಗುತ್ತವೆ.

ನಮ್ಮ ಮನೆಗೆ ಮೆಡಿಕಲ್ ಕಾಲೇಜು ಹತ್ತಿರ. ಅದರ ಆವರಣದಲ್ಲೇ 1981ರಲ್ಲಿ ಆರಂಭವಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಸ್ಸಿಗೆ ಕಾಯುವವರನ್ನು ಕಂಡು ಮಕ್ಕಳು ಏಕೆಂದು ಕೇಳುತ್ತಾರೆ. ಕಾಯಿಲೆ ಹಲವು ಕಾರಣಗಳಿಂದ ಬರಬಹುದು, ಹೊಗೆಸೊಪ್ಪೂ ಅವುಗಳಲ್ಲೊಂದು ಎಂದು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಉಪದೇಶ ಬೇಕಿಲ್ಲ.

ಶಾಲೆಯಿಂದ ನೂರು ಗಜದೊಳಗೆ ಹೊಗೆಸೊಪ್ಪಿನ ಪದಾರ್ಥಗಳನ್ನು ಮಾರಬಾರದೆಂದು 2003ರ ಕಾನೂನು ಹೇಳುತ್ತದೆ. ಕೇರಳದ ಅಬಕಾರಿ ಇಲಾಖೆಯೂ 2016ರಲ್ಲಿ 'ವಿಮುಕ್ತಿ' ಎಂಬ ಆಂದೋಲನವನ್ನು ಆರಂಭಿಸಿತು. ಇವೆಲ್ಲ ಬೇಕಾದವೇ. ಆದರೆ ನೂರು ಗಜದಾಚೆ 'ಬೇಡ' ಎನ್ನಬೇಕಾದವನು ಮಗುವೇ ತಾನೆ?

ನಮ್ಮಲ್ಲಿ ರಾತ್ರಿ ಪಾತ್ರೆ ತೊಳೆಯುವ ಕೆಲಸ ಎಲ್ಲರದು. ಕೈಗೆ ಕೆಲಸವಿದ್ದರೆ ನಾಲಗೆ ಸಡಿಲವಾಗುತ್ತದೆ. ಒಮ್ಮೆ ಒಂಬತ್ತನೆಯ ತರಗತಿಯ ಮಗ ತಟ್ಟೆ ಒರೆಸುತ್ತಲೇ, ಯಾರೋ ದೊಡ್ಡ ಹುಡುಗರು ಒಂದು ಪೊಟ್ಟಣ ಕೊಡಲು ಬಂದರು, ಬೇಡವೆಂದೆ, ಈಗ ಅವರನ್ನು ಕಂಡರೆ ಹೆದರಿಕೆ ಎಂದ. ಎದೆ ಝಲ್ಲೆಂದಿತು. ಯಾರು, ಎಲ್ಲಿ ಎಂಬ ಪ್ರಶ್ನೆಗಳನ್ನು ನುಂಗಿಕೊಂಡು, "ಹೇಳಿದ್ದು ಒಳ್ಳೇದಾಯ್ತು ಮಗಾ" ಎಂದೆವು. ಉಳಿದದ್ದನ್ನು ಅವನೇ ಹೇಳಿದ. ಮರುದಿನ ಅವನ ಒಪ್ಪಿಗೆ ಪಡೆದೇ ತರಗತಿಯ ಟೀಚರಿಗೆ ತಿಳಿಸಿದೆವು. ಕೆಲವು ವಾರ ಅವನ ಜೊತೆಗೇ ನಡೆದು ಶಾಲೆಗೆ ಬಿಟ್ಟು ಬಂದೆವು.

ಮಾತಿನಿಂದಲೇ ಎಲ್ಲವೂ ನೀಗದು. ನಿದ್ದೆ, ಹಸಿವು ಕೆಟ್ಟು, ಗೆಳೆಯರನ್ನೂ ಆಟವನ್ನೂ ಬಿಟ್ಟು ಮಗು ವಾರಗಟ್ಟಲೆ ಮಂಕಾಗಿದ್ದರೆ ವೈದ್ಯರ ಬಳಿ ಹೋಗಬೇಕು, ಅದರಲ್ಲಿ ನಾಚಿಕೆಯೇನಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಹಗಲಿರುಳು ಫೋನ್ ಮಾಡಬಹುದು, ಖರ್ಚಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಿ. ಮಲಯಾಳದಂತೆ ಕನ್ನಡವೂ ಅದರ ಭಾಷೆಗಳಲ್ಲೊಂದು.

ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳಿಂದ ಕನ್ನಡ ಹಾಡು ಹಾಡಿಸಿ ಹಿಗ್ಗುತ್ತೇವೆ, ಹಿಗ್ಗಬೇಕಾದ್ದೇ. ಅದೇ ಕನ್ನಡದಲ್ಲಿ "ಅಮ್ಮ, ನನಗೆ ಭಯ" ಎನ್ನಲೂ ಅವರಿಗೆ ಬರಬೇಕು. ಹಾಗೆಂದಾಗ ಬೈಗುಳ ಸಿಗದೆಂಬ ನಂಬಿಕೆಯೂ ಇರಬೇಕು.