ಗಂಟು ಇರ್ಲಿ ಬಿಡಜ್ಜಿ

ಬಟರ್‌ಮಿಲ್ಕ್ ಎಂದರೆ ಮಜ್ಜಿಗೆ ಎನ್ನುತ್ತದೆ ನಿಘಂಟು. ಅಮೆರಿಕದ ಅಂಗಡಿಯಿಂದ ಅದರ ಡಬ್ಬ ತಂದು ಲೋಟಕ್ಕೆ ಬಗ್ಗಿಸಿದವರು ಇದನ್ನು ಸುಲಭಕ್ಕೆ ಒಪ್ಪಲಾರರು. ನೀರು ಬೆರೆಸದ ಮೊಸರಿನಷ್ಟು ಮಂದ ಅದು. ಬೆಣ್ಣೆ ತೆಗೆದ ಮೇಲೆ ಉಳಿದದ್ದೂ ಅಲ್ಲ. ಜಿಡ್ಡು ಕಡಿಮೆ ಮಾಡಿದ ಹಾಲಿಗೆ ಬ್ಯಾಕ್ಟೀರಿಯಾ ಸೇರಿಸಿ ಹುಳಿ ಬರಿಸಿದ್ದು, ಅಷ್ಟೆ. ಹಿಂದೆ ಇಲ್ಲಿನ ರೈತರ ಮನೆಗಳಲ್ಲೂ ಬೆಣ್ಣೆ ಕಡೆದು ಉಳಿದ ತೆಳ್ಳಗಿನ ಮಜ್ಜಿಗೆಗೇ ಈ ಹೆಸರಿತ್ತು.

ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ ಅಮ್ಮ ಒಹಾಯೋದ ನಮ್ಮ ಮನೆಗೆ ಬಂದಳು. ತೀರ್ಥಹಳ್ಳಿ ಕಡೆಯ ನಮ್ಮ ಕೊಟ್ಟಿಗೆ ಆಗಲೇ ಖಾಲಿಯಾಗಿತ್ತು. ನಲವತ್ತು ವರ್ಷ ಬೆಳಗಾಗೆದ್ದು ಮೊಸರು ಕಡೆದವಳು ಪ್ಯಾಕೆಟ್ ಮೊಸರಿಗೆ ಇಳಿದಿದ್ದಳು. ಇಲ್ಲಿ ಬಂದ ಹೊಸದರಲ್ಲಿ "ನಾನೇನು ಮಾಡ್ಲೇ?" ಎಂದು ಕೇಳುತ್ತಿದ್ದಳು. ಕ್ರಮೇಣ ಕೇಳುವುದನ್ನೂ ಬಿಟ್ಟು ಕಿಟಕಿಯ ಪಕ್ಕ ಕೂತಳು. ಅಮ್ಮ ಇನ್ನು ಮುಂದೆ ಎಲ್ಲಿರಬೇಕು ಎಂದು ನಾನೂ ಅಣ್ಣನೂ ರಾತ್ರಿ ಫೋನಿನಲ್ಲಿ ಮಾತಾಡುತ್ತಿದ್ದೆವು, ಅವಳು ಮಲಗಿದ ಮೇಲೆ.

ಮಗಳಿಗೆ ಶನಿವಾರ ಪ್ಯಾನ್‌ಕೇಕ್ ಬೇಕು. ಪೊಟ್ಟಣದ ಹಿಟ್ಟಿಗೆ ನೀರು ಕಲಸಿ ಹುಯ್ಯುವುದಲ್ಲ, ಎಲ್ಲ ಮನೆಯಲ್ಲೇ ಮಾಡಬೇಕು ಎಂದು ಒಂದು ವಾರ ಹಟ ಹಿಡಿದಳು. ಡಬ್ಬದ ಬಟರ್‌ಮಿಲ್ಕನ್ನು ಅಮ್ಮ ಬೆರಳಿಗೆ ಮುಟ್ಟಿಸಿ ನೆಕ್ಕಿ ನೋಡಿದಳು. "ಇದಾ ಮಜ್ಜಿಗೆ? ಕೆನೆ ತಾರೇ."

ಎರಡು ಕಪ್ ಕ್ರೀಮನ್ನು ಉಗುರುಬೆಚ್ಚಗೆ ಮಾಡಿ, ಒಂದು ಚಮಚ ಮೊಸರು ಹೆಪ್ಪು ಹಾಕಿ ರಾತ್ರಿಯಿಡೀ ಇಟ್ಟಳು. ಬೆಳಿಗ್ಗೆ ಸ್ವಲ್ಪ ತಣ್ಣಗೆ ಮಾಡಿದಳು. ಕಡಗೋಲು ಎಲ್ಲಿಂದ ತರುವುದು? ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಕೆನೆ ತುಂಬಿ, ಮುಚ್ಚಳ ಬಿಗಿದು ಮೊಮ್ಮಗಳ ಕೈಗೆ ಕೊಟ್ಟಳು, ಕುಲುಕು ಎಂದು. ಮೊದಲು ಗಳಗಳ ಸದ್ದು. ಆಮೇಲೆ ಕೆನೆ ಗಟ್ಟಿಯಾಗಿ ಸದ್ದೇ ಇಲ್ಲ. ಕೈ ಸೋತ ಮಗಳು ಕೆಟ್ಟುಹೋಯಿತೆಂದು ನನ್ನ ಮುಖ ನೋಡಿದಳು. ಅಮ್ಮ ಬಾಟಲಿ ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು ಕುಲುಕುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಒಳಗೆ ಏನೋ ಕಳಚಿ ನೀರಿನ ಸದ್ದಾಯಿತು. "ಹಾಂ, ಬೆಣ್ಣೆ ಬಿಡ್ತು," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು.

ಸುಮಾರು ಒಂದು ಕಪ್ ಮಜ್ಜಿಗೆ ಸಿಕ್ಕಿತು. ಒಂದು ಕಪ್ ಮೈದಾ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಚೂರು ಬೇಕಿಂಗ್ ಪೌಡರ್, ಚೂರು ಸೋಡಾ, ಕರಗಿಸಿದ ಬೆಣ್ಣೆ. ಅಮ್ಮ ಮುಟ್ಟುವುದಿಲ್ಲವೆಂದು ಮೊಟ್ಟೆ ಬೇಡ. ಮಜ್ಜಿಗೆ ತೆಳ್ಳಗಿದ್ದುದರಿಂದ ಪೂರ್ತಿ ಹುಯ್ಯಲಿಲ್ಲ. ಜಗಳ ಶುರುವಾದದ್ದು ಗಂಟಿನ ಮೇಲೆ. ಹಿಟ್ಟಿನಲ್ಲಿ ಗಂಟು ಬಿಡುವುದೆಂದರೆ ಅಮ್ಮನಿಗೆ ಮರ್ಯಾದೆಯ ಪ್ರಶ್ನೆ. ಅಕ್ಕಿ, ಉದ್ದನ್ನು ಎಷ್ಟು ಕದಡಿದರೂ ದೋಸೆಗೆ ಕೇಡಿಲ್ಲ. ಮೈದಾ ಹಾಗಲ್ಲ, ಕದಡಿದಷ್ಟೂ ಗ್ಲುಟೆನ್ ಎಳೆ ಬಿಗಿದು ಪ್ಯಾನ್‌ಕೇಕ್ ಚಕ್ಕಳವಾಗುತ್ತದೆ. ಇಟ್ಟು ಕಾಯುವಂತೆಯೂ ಇಲ್ಲ. ಹುಳಿ ತಾಗಿದ ಕೂಡಲೇ ಸೋಡಾ ಉಕ್ಕುತ್ತದೆ, ತಡಮಾಡಿದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ. ರಾತ್ರಿಯಿಡೀ ಹುದುಗುವ ದೋಸೆಹಿಟ್ಟಿನ ತಾಳ್ಮೆ ಇದಕ್ಕೆಲ್ಲಿಯದು!

"ಗಂಟು ಇರ್ಲಿ ಬಿಡಜ್ಜಿ," ಎಂದು ಮಗಳು ಸೌಟು ಕಿತ್ತುಕೊಂಡಳು. ಅಮ್ಮ ಅರ್ಧ ಹಿಟ್ಟನ್ನು ಬೇರೆ ಪಾತ್ರೆಗೆ ತೆಗೆದು ನುಣ್ಣಗೆ ಕದಡಿಯೇ ತೀರಿದಳು. ಕಾವಲಿಗೆ ನೀರು ಚಿಮುಕಿಸಿ ಕಾವು ನೋಡಿದಳು; ಆ ವಿದ್ಯೆ ಎರಡು ದೇಶಕ್ಕೂ ಒಂದೇ. ಮೇಲಿನ ಗುಳ್ಳೆ ಒಡೆದು, ತೂತು ಮುಚ್ಚದೆ ಉಳಿದಾಗ ಮಗುಚಿದಳು. ಮಗಳದು ಅರಳೆಯ ಹಾಗೆ ಉಬ್ಬಿತು. ಅಮ್ಮನದು ಎಳೆದರೆ ಹರಿಯಲಿಲ್ಲ. ಮೇಪಲ್ ಪಾಕ ಬೇಡವೆಂದು ಹೊಸ ಬೆಣ್ಣೆ, ಚಟ್ನಿಪುಡಿ ಹಚ್ಚಿಕೊಂಡು ತನ್ನದನ್ನು ತಾನೇ ತಿಂದಳು. "ಗಂಟಿನದೇ ಚೆನ್ನಾಗಿದೆ, ಆದ್ರೂ ನೋಡೋಕಾಗಲ್ಲ," ಎಂದಳು.

ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ, ಕೈ ಒರೆಸುತ್ತ ಬಂದವಳು, "ನಿನ್ನಣ್ಣಂಗೆ ಫೋನ್ ಹಚ್ಚು," ಎಂದಳು. ಇಲ್ಲೇ ಇರುತ್ತೇನೆ ಎನ್ನುತ್ತಾಳೇನೋ ಎಂದುಕೊಂಡು ಹಚ್ಚಿಕೊಟ್ಟೆ.

"ನಾನು ಊರಿಗೇ ಬರ್ತೀನಿ. ಆಚೆಮನೆಯಲ್ಲಿ ಇನ್ನೂ ಹಾಲು ಕರೀತಾರಲ್ಲ? ದಿನಾ ಒಂದು ಲೀಟರು ಹೇಳಿಡು. ಮತ್ತೆ, ಅಟ್ಟದ ಮೇಲೆ ಕಡಗೋಲಿದೆ. ಗೆದ್ದಲು ಹಿಡಿದಿದೆಯಾ ನೋಡು."